ಅರ್ಧ ಇಂಚು

ಅಕ್ಕಲಕೋಟದ ಎಸ್.ಟಿ. ಸ್ಟ್ಯಾಂಡಿನ ಎದುರು
ನನ್ನ ಹೊಲಿಗೆ ಅಂಗಡಿ, ಏಳಡಿ ಅಗಲ.
ಕಂಡಕ್ಟರ್ ಸುಗಲಾಬಾಯಿ ಬಿರಾಜದಾರರ ಖಾಕಿ
ವರ್ಷಕ್ಕೆರಡು ಜೋಡಿ, ಇಲ್ಲೇ.

ಹಳೆ ವಹಿಯಲ್ಲಿ ಆಕೆಯ ಕೊರಳು
ಹದಿಮೂರು, ಹದಿಮೂರು, ಮತ್ತೂ ಹದಿಮೂರು.
ಈ ಸಲ ಟೇಪು ಹದಿಮೂರೂವರೆಗೆ ನಿಂತಿತು.
ಸೊಂಟ ಹಿಂದಿನದೇ. ತೋಳು ಹಿಂದಿನದೇ.
ಮೈ ಬಂದವರಿಗೆ ಕೊರಳೊಂದೇ ಬರುವುದಿಲ್ಲ,
ನಲವತ್ತು ವರ್ಷದ ಕತ್ತರಿಗೆ ಅಷ್ಟು ಗೊತ್ತು.

"ವಳಸಂಗ, ಕುಂಭಾರಿ, ಸೋಲಾಪುರ!" ಎಂದು
ಇಡೀ ಸ್ಟ್ಯಾಂಡು ಎಬ್ಬಿಸುತ್ತಿದ್ದ ದನಿ
ದೀಪಾವಳಿಯಿಂದೀಚೆ
ನೆಲದ ಮೇಲೆ ಗೋಣಿತಟ್ಟು ಎಳೆದಂತೆ.
ಕೂಗಿ ಕೂಗಿ ಕುಂತದ, ಅಂತಾಳೆ.
ವಾರಗಟ್ಟಲೆ ರಜೆ ಹಾಕಿ ಸುಮ್ಮನಿದ್ದರೂ
ಏಳಲಿಲ್ಲವಲ್ಲ, ಅಂದೆ.

ಗಂಡಸು ನಾನು; ಟೇಪಿನಾಚೆ ನನ್ನ ಕೈ ಹೋಗದು.
"ನಿಮ್ಮ ಬೆರಳೇ ಇಡ್ರಿ ಬಾಯಿ, ಕನ್ನಡಿ ನೋಡಕೋತ
ಒಂದು ಗುಟುಕು ನೀರು ನುಂಗ್ರಿ."
ಗಂಟಲ ಕೆಳಗೆ, ತುಸು ಎಡಕ್ಕೆ,
ನೀರಿನ ಸಂಗಡ ಏರಿ ಇಳಿಯಿತು ಒಂದು ಗಂಟು,
ಎರಡು ಪದರಿನ ನಡುವೆ ಗುಂಡಿ ಮರೆತು ಹೊಲಿದ ಹಾಗೆ.
"ಮೆತ್ತಗದನು?"
"ಇಲ್ಲ. ಹುಣಸಿಬೀಜ."
"ನೋಯ್ತದೇನು?"
"ಏನೂ ಇಲ್ಲ, ಅದಕ್ಕs ಬಿಟ್ಟೀನಿ."

ನಮ್ಮ ಚೆಂದಕ್ಕನೂ ಅದಕ್ಕೇ ಬಿಟ್ಟಿದ್ದಳು,
ನೋವು ಬಂದಾಗ ನೋಡೋಣ ಅಂತ.
ನೋವು ಬರಲೇ ಇಲ್ಲ.
ಕಿವಿಯ ಕೆಳಗೆ ಜೋಳದ ಕಾಳಿನಷ್ಟು ಎರಡು ಮೂರು ಬಂದವು,
ರೊಟ್ಟಿ ಇಳಿಯದೆ ಸಾರಿನಲ್ಲಿ ನೆನೆಸತೊಡಗಿದಳು,
ಹಲ್ಲು ಹೋದವು, ವಯಸ್ಸಾಯಿತು, ಅಂದೆವು ನಾವು.

"ಥೈರಾಯ್ಡ್ ಗಂಟು ಹತ್ತರಾಗ ಒಂಬತ್ತು
ಏನೂ ಆಗಿರಂಗಿಲ್ಲ ಬಾಯಿ."
ಸುಳ್ಳಲ್ಲ ಅದು. ಆದರೆ ಹತ್ತನೆಯದು ಯಾವುದೆಂದು
ಹೊರಗಿನ ಬಟ್ಟೆ ನೋಡಿ ಹೇಳಲಾಗದು.
"ಸೋಲಾಪುರದಾಗ ಮೊದಲ ಸ್ಕ್ಯಾನಿಂಗ್ ಮಾಡ್ತಾರ,
ಬೇಕಂದ್ರ ಸೂಜಿ ಹಾಕಿ ನೋಡ್ತಾರ,
ನನ್ನ ಈ ಸೂಜಿಗಿಂತ ಸಣ್ಣದು."

ಟಿಕೇಟು ಮಷೀನಿನ ಪಟ್ಟಿ ಹೆಗಲಿಗೇರಿಸಿ
ಬಾಗಿಲಲ್ಲಿ ನಿಂತಳು ಸುಗಲಾಬಾಯಿ.
"ದಿನಾ ಎರಡು ಸಲ ಸೋಲಾಪುರಕ್ಕ ಮಂದಿನ್ನ ಒಯ್ತೀನಿ,
ನಾ ಮಾತ್ರ ಅಲ್ಲಿ ಇಳದಿಲ್ಲ ನೋಡ್ರಿ."

"ನಾಳೆ ಇಳೀರಿ."

ಗಾಡಿ ಹೋಯಿತು. ಸೀಟಿಯ ಸಪ್ಪಳವೇ ಕೇಳಿತು, ದನಿಯಲ್ಲ.
ಕಾಲರಿಗೆ ಇನ್ನೂ ಕತ್ತರಿ ಹಾಕಿಲ್ಲ.
ವಹಿಯಲ್ಲಿ ಹದಿಮೂರನ್ನು ಪೆನ್ನಿನಲ್ಲಿ ಬರೆದು
ಅರ್ಧವನ್ನು
ಪೆನ್ಸಿಲಿನಲ್ಲಿ ಇಟ್ಟಿದ್ದೇನೆ.