ಉಜ್ಜಿಹಾಕಿದ ನಂಬರು

ಯೂರಿಯಾ ಚೀಲದಲ್ಲಿ ಸುತ್ತಿ ತಂದಿದ್ದರು,
ಕಾಯಿಲೆಬಿದ್ದ ಮೇಕೆಮರಿಯ ಹಾಗೆ.
ಬ್ಲೇಡು ಮಾತ್ರ ಹೊರಗೆ.
ಸೊಣ್ಣಪ್ಪ ಕೆಳಗಿಟ್ಟ. ಗಂಗುಲಮ್ಮ ಹಿಂದೆಯೇ ನಿಂತಳು,
ಬಲಗೈ ಸೆರಗಿನ ಜೋಳಿಗೆಯಲ್ಲಿ.

‘ಯಾವ ಕಂಪನಿ?’
‘ಕಿತ್ತಳೆ ಬಣ್ಣದ್ದು ಅಂದ, ಮದನಪಲ್ಲಿ ಸಂತೇಲಿ.’
ಮೂರೂವರೆ ಸಾವಿರಕ್ಕೆ ಒಂದು ಬಣ್ಣ.

ಉಗುರಿನಲ್ಲಿ ಕೆರೆದೆ.
ಕಿತ್ತಳೆಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಹಸಿರು.
ಶ್ರೀನಿವಾಸಪುರದಲ್ಲಿ ನನ್ನಂಗಡಿಯೆದುರಿನ ಗೋಡೆಗೂ
ಚುನಾವಣೆಗೊಂದು ಬಣ್ಣ;
ಗೋಡೆ ಯಾರದೆಂದು ಬಣ್ಣ ಹೇಳುವುದಿಲ್ಲ.

ಮೈಯೇ ಹೇಳಬೇಕು.
ಚೈನು ಬಿಚ್ಚಿ ಮೊಳೆಗೆ ನೇತುಹಾಕಿ ಎಣಿಸಿದೆ:
ಒಳಹಲ್ಲು ಎಪ್ಪತ್ತೆರಡು.
ಮೂರು ರಿವೆಟ್ಟಿನ ದೂರ ಅಳೆದು ಎರಡರಿಂದ ಭಾಗಿಸಿದೆ.
ಸಿಲಿಂಡರಿನ ಬಾಯಿಗೆ ವರ್ನಿಯರ್ ಹಿಡಿದೆ: ನಲವತ್ತೈದು.
ಅಂದರೆ ಐವತ್ತೆರಡು ಸಿ.ಸಿ.
ಈ ಅಳತೆಯ ಮಕ್ಕಳು ನೂರು ಹೆಸರಲ್ಲಿ ಹುಟ್ಟುತ್ತವೆ,
ಒಬ್ಬನ ಅಂಗಿ ಇನ್ನೊಬ್ಬನಿಗಾಗುತ್ತದೆ,
ಗುಂಡಿ ಮಾತ್ರ ಕೂಡುವುದಿಲ್ಲ.

ಇನ್ನುಳಿದದ್ದು ಎರಕದ ನಂಬರು.
ತಿರುಗಿಸಿ, ಜಿಡ್ಡು ಒರೆಸಿ, ಟಾರ್ಚು ಬಿಟ್ಟರೆ
ಅಲ್ಲಿ ಗ್ರೈಂಡರಿನ ಗೀರು.
ಒಂದು ಸೊನ್ನೆಯ ಅರ್ಧ ಉಳಿದಿತ್ತು,
ಒಡೆದ ಬಳೆ.
ಸೊಣ್ಣಪ್ಪನ ಮುಖ ನೋಡಿದೆ.
ಅವನು ನನ್ನ ವೈಸನ್ನು ನೋಡುತ್ತಿದ್ದ.
‘ಗಟ್ಟಿಯಾಗೈತೆ’ ಎಂದ.

‘ಇಷ್ಟು ದಿನ ಹೆಂಗೆ ಕೊಯ್ತಿದ್ದೆ?’
‘ಜೋಡಿ ಗರಗಸ. ಈ ಕಡೆ ನಾನು, ಆ ಕಡೆ ಇವಳು.’
ಇಪ್ಪತ್ತು ವರ್ಷ ಎಳೆದ ಭುಜ
ಆಷಾಢದಲ್ಲಿ ಕೀಲು ಬಿಟ್ಟಿತಂತೆ,
ನೀಲಗಿರಿಯ ಬುಡ ಅರ್ಧ ಕೊಯ್ದಿದ್ದಾಗ.
‘ಮರ ಬೀಳ್ಲಿಲ್ಲ, ನಾನೇ ಕುಂತ್ಕಂಡೆ,’ ಅಂದಳು ಗಂಗುಲಮ್ಮ.
ಅಂದು ಅವಳಾಡಿದ ಮೊದಲ ಮಾತು.

ಕಾರ್ಬುರೇಟರ್ ಬಿಚ್ಚಿದೆ.
ಡಯಾಫ್ರಂ, ಬಿಸಿಲಿಗಿಟ್ಟು ಮರೆತ ಹಪ್ಪಳ.
ಪೆಟ್ರೋಲ್ ಪೈಪು ಸೀಳಿ ಗಾಳಿ ಕುಡಿಯುತ್ತಿತ್ತು.
ಪಿಸ್ಟನ್ನಿನ ಒಂದು ಮಗ್ಗುಲು ತರಚಿಹೋಗಿತ್ತು;
ಯಾರೋ ಆಯಿಲ್ ಬೆರೆಸದೆ ಓಡಿಸಿದ್ದಾರೆ,
ಅವಸರದಲ್ಲಿ, ರಾತ್ರಿ.
ರಾತ್ರಿ ಅಂತ ನನಗ್ಯಾಕೆ ಅನ್ನಿಸಿತೋ.

ಕ್ಲಚ್ಚಿನ ಮುಚ್ಚಳ ತೆಗೆದರೆ
ಎಣ್ಣೆಯಲ್ಲಿ ಕಲಸಿ ಕಲ್ಲಾದ ಹೊಟ್ಟು, ಪದರ ಪದರ.
ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದೆ.
ಮೇಲಿನದು ನೀಲಗಿರಿ, ಇನ್ನೂ ಘಾಟು.
ಅದರಡಿ ಮಾವು, ಮಂಕು ಹಳದಿ.
ತಳದಲ್ಲಿ ಉಗುರಿನಷ್ಟು ಕಡುಗೆಂಪು ಚೂರು.
ತುಕ್ಕು, ಅಂದೆ ನಾನು.
ಗಂಗುಲಮ್ಮ ಎಡಗೈಯಲ್ಲಿ ಎತ್ತಿಕೊಂಡು
ಎಂಜಲು ತಾಕಿಸಿ ಹೆಬ್ಬೆರಳಲ್ಲಿ ಅರೆದಳು.
ಬೆರಳೆಲ್ಲ ಕೆಂಪಾಯಿತು.

ಅವಳ ತವರು ಗಡಿಯಾಚೆ, ಬೆಟ್ಟದ ಬುಡ.
ಆ ಮರ ನೋಡಿದ್ದಾಳೆ.
ಅದನ್ನು ಕೊಯ್ಯಲು ಹತ್ತಿಹೋದವರನ್ನೂ,
ಇಳಿಯದೇ ಇದ್ದವರನ್ನೂ.
ಏನೂ ಅನ್ನಲಿಲ್ಲ. ಚೀಲಕ್ಕೆ ಕೈ ಒರೆಸಿದಳು.
ನಾನು ಕಂಪ್ರೆಸರ್ ಹಾಕಿ ಊದಿದೆ,
ಹೊಟ್ಟು ಮುಳಬಾಗಿಲು ರಸ್ತೆಯ ಧೂಳಿಗೆ ಸೇರಿತು.

ಆಮೇಲೆ ಕೆಲಸ ಸುಲಭ.
ಮೂರು ಸತ್ತ ಮೆಷಿನ್ನುಗಳಿಂದ ಒಂದೊಂದು ಅಂಗ.
ಕಾಯಿಲಿಗೂ ಚಕ್ರಕ್ಕೂ ನಡುವಿನ ಸಂದಿಗೆ
ಹಳೇ ಲಗ್ನಪತ್ರಿಕೆಯ ಒಂದು ತುಂಡು ಅಳತೆ,
ತಿರುಪು ಬಿಗಿದು, ಎಳೆದು ತೆಗೆದೆ,
ವಧುವಿನ ಹೆಸರಿಗೆ ಮಸಿ ಮೆತ್ತಿತ್ತು.
‘ಲೀಟರಿಗೆ ನಲವತ್ತು ಎಂ.ಎಲ್. ಆಯಿಲ್,
ಮರೆತರೆ ನನ್ನ ಹತ್ರ ಬರಬೇಡ,’ ಅಂದೆ.
ಸೊಣ್ಣಪ್ಪ ತಲೆಯಾಡಿಸಿದ. ಲೆಕ್ಕ ಇಟ್ಟುಕೊಂಡವಳು ಅವಳು.

ಐದು ಸಲ ಹಗ್ಗ ಎಳೆದೆ. ಕೆಮ್ಮಿತು, ಸುಮ್ಮನಾಯಿತು.
‘ಎಡಗೈಲಿ ಎಳೆದ್ರೂ ಆಗ್ತದಾ?’
ಹಗ್ಗದ ತುದಿ ಕೊಟ್ಟು, ಮೆಷಿನ್ನಿನ ಮೇಲೆ ಕಾಲಿಟ್ಟು ನಿಂತೆ.
ಗರಗಸ ಎಳೆವವರ ಎಳೆತ ಅದು,
ತೋಳಿನಿಂದಲ್ಲ, ಸೊಂಟದಿಂದ.
ಹತ್ತಿಕೊಂಡಿತು.
ಎದುರಿನ ಬೇಕರಿಯವನು ಎದ್ದು ಬಂದ.
ಸೊಣ್ಣಪ್ಪ ಎರಡೂ ಕಿವಿ ಮುಚ್ಚಿಕೊಂಡ.

ಬಿಲ್ ಪುಸ್ತಕದಲ್ಲಿ ಮಾಡೆಲ್ ಎಂದಿರುವ ಕಡೆ
ಪೆನ್ನು ಇಟ್ಟು, ತಡೆದು,
ಒಂದು ಗೀಟು ಎಳೆದೆ.

ಚೀಲ ಇಲ್ಲೇ ಬಿಟ್ಟು ಹೋಗಿದ್ದಾರೆ.
ಒಳಮೈ ಹೊರಗೆ ಮಾಡಿ ಮಡಚಿ
ವೈಸಿನ ಕೆಳಗೆ ಹಾಸಿಕೊಂಡಿದ್ದೇನೆ.