ಮಾಲಿನ ಹೆಸರು

ಅಕ್ಕಲಕೋಟೆ ರಸ್ತೆಯ ಬದಿಗೆ, ಮುಚ್ಚಿದ ಆಸಿಡ್ ಫ್ಯಾಕ್ಟರಿಯ ಹಿಂದೆ
ಒಂದು ಗುಡ್ಡ. ದೇವರು ಮಾಡಿದ್ದಲ್ಲ.
ಬಣ್ಣ ಹೇಳು ಅಂದರೆ ಕಷ್ಟ:
ಕುಂಕುಮಕ್ಕೂ ಬದನೆಕಾಯಿಗೂ ನಡುವೆ ಎಲ್ಲೋ.
ಮೂವತ್ತು ವರ್ಷ ಅದರ ಮೇಲೆ ಜಾಲಿ ಸಹ ಹುಟ್ಟಲಿಲ್ಲ.
ಆಡುಗಳು ಬಳಸಿಕೊಂಡು ಹೋಗುತ್ತಿದ್ದವು.

ಮೊದಲು ಅದು ಕಲ್ಲು. ಗೂಡ್ಸಿನಲ್ಲಿ ಬರುತ್ತಿತ್ತು,
ಹೊಳೆಯುತ್ತಿತ್ತು. ಹಮಾಲರ ಮಕ್ಕಳು
ಚೂರು ಕದ್ದು ಅಕ್ಕಸಾಲಿಗನ ಮುಂದೆ ಇಟ್ಟರಂತೆ,
ಅವನು ಒರೆಗಲ್ಲು ಮುಟ್ಟದೆಯೇ ನಕ್ಕನಂತೆ.
ಒಲೆಗೆ ಹಾಕಿದರು. ಗಂಧಕ ಹೊಗೆಯಾಗಿ ಹೋಗಿ ಆಮ್ಲವಾಯಿತು,
ಪೀಪಾಯಿಗೆ ಬೆಲೆ ಬಂತು.
ಉಳಿದದ್ದು ಗುಡ್ಡ.

ನಾನು ಈಗ ಇಲ್ಲಿ ವಜನ್‌ಕಾಟಾದ ಕಾರಕೂನ.
ರಸೀದಿಯ ಮೇಲೆ ಒಂದು ಖಾನೆ: ಮಾಲಿನ ಹೆಸರು.
ಮಾಲಕರು ಮರಾಠಿಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದಾರೆ: ಟಾಕಾವು.
ಬಿಸಾಡುವಂಥದ್ದು.
ಲ್ಯಾಬಿನ ದಸ್ತಗೀರ ಮುಜಾವರನ ಚೀಟಿ ಬೇರೆ ಹೇಳುತ್ತದೆ:
ನೂರಕ್ಕೆ ಐವತ್ತೆಂಟು ಕಬ್ಬಿಣ.
ಸತು ಸ್ವಲ್ಪ, ಸೀಸ ಸ್ವಲ್ಪ. ಕೊನೆಯ ಸಾಲನ್ನು ಅವನು
ಮೆಲ್ಲಗೆ ಓದುತ್ತಾನೆ: ಪಾಷಾಣ.

ತಿಪ್ಪವ್ವ ಜರಡಿ ಹಿಡಿಯುತ್ತಾಳೆ.
ಮೂಗಿಗೆ ಸೆರಗು. ಕಂಪನಿ ಕೊಟ್ಟ ಮಾಸ್ಕು
ಕೊರಳಲ್ಲಿ, ತಾಳಿಯ ಪಕ್ಕ.
ಊಟದ ಹೊತ್ತಿಗೆ ತಾನಾಗಿಯೇ ಹೇಳಿದಳು:
“ನನಗಿಂತ ಮೊದಲ ಮೂರು ಕೂಸು ಹ್ವಾದುವು ರೀ.
ನಾ ಹುಟ್ಟಿದ ದಿನ ಮುತ್ಯಾ ತಿಪ್ಪಿ ಮ್ಯಾಲ ಹಾಕಿ ಬಂದ.
ಸೂಲಗಿತ್ತಿ ಎತ್ತಿ ತಂದ್ಲು, ಅವ್ವ ಸೇರು ತೌಡು ಕೊಟ್ಟು ಕೊಂಡ್ಲು.
ಕಸ ಅಂತ ತಿಳದು ಸಾವು ಮುಂದ ಹೋತು.”
ಕಟಕ ರೊಟ್ಟಿ ಮುರಿದಳು. ಸಪ್ಪಳವಾಯಿತು.
“ಈ ಗುಡ್ಡಕ್ಕೂ ಯಾರೋ ಹಂಗ ಮಾಡ್ಯಾರ, ಅಲ್ರಿ?”

ತೊಳೆಯುತ್ತಾರೆ. ಜೇಡಿ ಬೆರೆಸುತ್ತಾರೆ.
ಓರೆಯಾಗಿ ತಿರುಗುವ ದೊಡ್ಡ ಪರಾತದಲ್ಲಿ
ನೀರು ಚಿಮುಕಿಸಿದ ಹಾಗೆಲ್ಲ ಪುಡಿ ಉಂಡೆ ಕಟ್ಟುತ್ತದೆ,
ಮೊದಲು ಸಾಸಿವೆ, ಆಮೇಲೆ ಕಡಲೆ, ಆಮೇಲೆ ಗೋಲಿ.
ಗಂಟೆಗಟ್ಟಲೆ ನೋಡಬಲ್ಲೆ ನಾನು;
ಲಾರಿಯವನು ಹಾರ್ನ್ ಹೊಡೆಯುತ್ತಾನೆ.
ಸುಟ್ಟ ಉಂಡೆಗಳು ದುಧನಿ ದಾಟಿ, ಗಡಿ ದಾಟಿ
ಯಾವುದೋ ಕುಲುಮೆಗೆ ಹೋಗಿ
ಯಾರದೋ ಕಿಟಕಿಯ ಸರಳಾಗುತ್ತವೆ.

ಒಂದು ಸಂಗತಿ ಮಾತ್ರ ರಸೀದಿಗೆ ಬರುವುದಿಲ್ಲ:
ತೊಳೆದ ನೀರಿಗೆ ಸುಣ್ಣ ಹಾಕಿ ಹಿಂಡಿದಾಗ
ಬೂದು ಬಣ್ಣದ ರೊಚ್ಚು ಉಳಿಯುತ್ತದೆ.
ಡ್ರಮ್ಮಿಗೆ ತುಂಬಿ ಮೊಹರು ಹಾಕುತ್ತಾರೆ. ಮೇಲೆ ತಲೆಬುರುಡೆ.
ವರ್ಷಕ್ಕೆ ನಲವತ್ತು ಡ್ರಮ್ಮು, ಶೆಡ್ಡಿನ ಗೋಡೆಗೆ ಆನಿಸಿ.
ತಿಪ್ಪವ್ವ ಅತ್ತ ನೋಡಿ ಕೇಳಿದಳು:
“ಎಲ್ಲಾ ತಗೊಂಡ್ರಿ. ಇದಕ್ಕ ಯಾವ ತಿಪ್ಪಿ?
ಸೇರು ತೌಡಿಗೆ ಇದನ್ನ ಯಾರು ಕೊಳ್ಳೋರು?”
ದಸ್ತಗೀರ ಚಹಾ ತರಲು ಎದ್ದು ಹೋದ.

ಇವತ್ತಿಗೆ ಗುಡ್ಡ ಅರ್ಧವಾಗಿದೆ. ಆಚೆ ಕಾಣುತ್ತಿದೆ
ಒಂದು ಬಾವಿ, ಜೋಳದ ಹೊಲ, ಯಾರದೋ ಸೈಕಲ್ಲು.
ಮೊದಲಿನಿಂದಲೂ ಅಲ್ಲೇ ಇದ್ದವಂತೆ.
ಬಾವಿಯ ಬಾಯಿಗೆ ಮುಳ್ಳು ಹೇರಿದ್ದಾರೆ.

ಲಾರಿ ಕಾಟಾ ಏರಿತು.
ಮಾಲಿನ ಹೆಸರು ಎಂಬಲ್ಲಿ ಅಚ್ಚಿನ ಅಕ್ಷರ ಹೊಡೆದುಹಾಕಿ
ಕನ್ನಡದಲ್ಲಿ ‘ಕಬ್ಬಿಣ’ ಎಂದು ಬರೆದೆ.
ಸಂಜೆಗೆ ರಸೀದಿ ವಾಪಸು ಬಂತು.