ದಿಂಬಿನ ಎಡಮೂಲೆ

ಸೈಮಾ ಸರೋವರ ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ.
ದಡದಂಚಿಗೆ ಮೊಳದಗಲ ಕಪ್ಪು ನೀರು,
ಆಚೆ ಹಳಸಿದ ಮಂಜುಗಡ್ಡೆ,
ಕಾಗೆಯೊಂದು ಅದರ ಮೇಲೆ ಕಾಲಿಟ್ಟು ಪರೀಕ್ಷಿಸುತ್ತಿದೆ.
ಹಿಲ್ಯಾ ಮರದ ದಿಮ್ಮಿಗಳ ಮೇಲೆ ಕೂತಿದ್ದಾಳೆ
ಟಾರ್ಪಾಲು ಕಳಚಿ, ಹೊಟ್ಟೆ ತೋರಿಸಿಕೊಂಡು,
ಯಾವ ಸಂಕೋಚವೂ ಇಲ್ಲದೆ.

ಐವತ್ತು ವರ್ಷದ ಫೈಬರ್ ದೋಣಿ. ಎಂಟು ಮೀಟರ್.
ನಾಲ್ಕು ಮಂಚ, ಒಂದು ಒಲೆ, ತಲೆ ಬಾಗಿದವರಿಗೆ ಮಾತ್ರ ಬಾಗಿಲು.
ಮಾವ ತಾಯ್ಸ್ತೊ ಕಾಗದದ ಗಿರಣಿಯ ಬೋನಸ್ಸಿನಲ್ಲಿ ಕೊಂಡು
ತನ್ನ ಅಮ್ಮನ ಹೆಸರಿಟ್ಟ.
ಹಿಲ್ಯಾ ಅಂದರೆ ಸದ್ದಿಲ್ಲದವಳು.
ಡೀಸೆಲ್ ಎಂಜಿನ್ನಿಗೆ ಇದನ್ನು ಯಾರೂ ತಿಳಿಸಿಲ್ಲ.

ಒಸ್ಮೊ ಎಂಜಿನ್ನಿನ ಗುಂಡಿಯಲ್ಲಿ ತಲೆಕೆಳಗು,
ಆಕಾಶಕ್ಕೆ ಬರೀ ಬೂಟುಗಳು.
ಹದಿಮೂರರ ಪಿಹ್ಲಾ ದೋಣಿಯಡಿ ಮಲಗಿ
ಹಳೇ ಬಣ್ಣ ಕೆರೆಯುತ್ತಾಳೆ,
ಕನ್ನಡಕದ ತುಂಬ ನೀಲಿ ಧೂಳು.
ನನ್ನದು ಕಿಟಕಿ.

ಹನ್ನೊಂದು ಬೇಸಿಗೆಯಿಂದ ನನ್ನದು ಕಿಟಕಿ.
ಮಳೆ ಬಂದ ರಾತ್ರಿ ದಿಂಬಿನ ಎಡಮೂಲೆಗೆ
ಒಂದು ಹನಿ. ನಲವತ್ತರವರೆಗೆ ಎಣಿಸು. ಇನ್ನೊಂದು.
ಒಸ್ಮೊ ನಿದ್ದೆಗಣ್ಣಲ್ಲೇ ಅನ್ನುತ್ತಿದ್ದ:
‘ಕಿಟಕಿ. ನಾಳೆ ಬಳಿದರಾಯ್ತು.’
ಬಳಿದೆ. ಬಿಳಿ ಸಿಲಿಕೋನು, ಕಪ್ಪು ಸಿಲಿಕೋನು,
ಜರ್ಮನಿಯ ದುಬಾರಿ ಟ್ಯೂಬು,
ಪಕ್ಕದ ದೋಣಿಯ ಕೌಕೊ ಕೊಟ್ಟ ಹೆಸರಿಲ್ಲದ ಅಂಟು,
ಅದು ನನ್ನ ಬೆರಳು ಬಿಟ್ಟು ಬೇರೆಲ್ಲೂ ಅಂಟಲಿಲ್ಲ.
ಇವತ್ತು ಚಾಕುವಿನಿಂದ ಎಬ್ಬಿಸಿದರೆ
ಪದರ ಪದರವಾಗಿ ಏಳುತ್ತದೆ.
ಈ ಕಂದು, ಅವನು ತಮ್ಮನಿಗೆ ಕೊಟ್ಟ ಸಾಲ
ನನಗೆ ಗೊತ್ತಾದ ವರ್ಷದ್ದು.
ಈ ಗಾಜಿನಂಥದ್ದು, ನಾನು ಒಂದು ತಿಂಗಳು
ತಂಗಿಯ ಮನೆಯಲ್ಲಿ ಇದ್ದುಬಂದ ವರ್ಷದ್ದು.
ಯಾವ ವರ್ಷವೂ ಹನಿ ನಿಲ್ಲಲಿಲ್ಲ.

‘ನೀವಿಬ್ಬರೂ ಊಹೆ ಮಾಡ್ತೀರಿ, ನೋಡಲ್ಲ’
ಅಂದಳು ಪಿಹ್ಲಾ, ಕನ್ನಡಕ ಒರೆಸುತ್ತ.
ಒಳಮಾಡಿನ ಹೊದಿಕೆ ಕಿತ್ತಳು.
ತಾನು ಕೂಸಾಗಿದ್ದಾಗಿನ ಪೌಡರು ಡಬ್ಬಿ ಎಲ್ಲಿತ್ತೋ,
ತಂದು ಎಲ್ಲ ಕಡೆ ಉದುರಿಸಿ
ಬಕೆಟ್ಟು ಹಿಡಿದು ಮೇಲೆ ಹತ್ತಿದಳು.
ನಾನು ಮಂಚದ ಮೇಲೆ ಅಂಗಾತ, ಬಾಯಲ್ಲಿ ಟಾರ್ಚು.

ಕಿಟಕಿಗೆ ಸುರಿದಳು. ಪೌಡರು ಒಣಗಿಯೇ ಇತ್ತು.
ಕಿಟಕಿಯ ಮೇಲಕ್ಕೆ. ಏನಿಲ್ಲ.
ಮೂತಿಯ ಕಡೆಗೆ ಎರಡು ಮಾರು ನಡೆದು
ಕೈಕಂಬಿಯ ಮೂರನೇ ಗೂಟದ ಬುಡಕ್ಕೆ ಸುರಿದಾಗ
ಬಿಳಿ ಪುಡಿಯಲ್ಲಿ ಒಂದು ತೆಳು ಗೆರೆ
ಅವಸರವಿಲ್ಲದ ಇರುವೆಯ ಹಾಗೆ ಹೊರಟಿತು.
ಸಂದಿಗಿಳಿದು, ವೈರಿನ ಬೆನ್ನು ಹಿಡಿದು,
ದೀಪದ ಬುಡ ಸುತ್ತಿ,
ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ನಿಂತು, ದಪ್ಪಗಾಗಿ,
ನನ್ನ ಹಣೆಗೆ ಬಿತ್ತು.

ಬಿದ್ದ ಜಾಗ ಬೇರೆ. ಒಳಬಂದ ಜಾಗ ಬೇರೆ.
ಹನ್ನೊಂದು ವರ್ಷ ನಾವು ಬಿದ್ದ ಜಾಗಕ್ಕೇ ಬಳಿದೆವು.

ಗೂಟದ ತಿರುಪು ಬಿಚ್ಚುವುದೇನು, ಬೆರಳಲ್ಲೇ ಬಂತು.
ತೂತಿನೊಳಗೆ ಮೂರು ಬೆಂಕಿಕಡ್ಡಿ
ತಲೆ ಮುರಿದು ಒತ್ತೊತ್ತಾಗಿ ತುರುಕಿದ್ದು,
ಚಹಾದ ಬಣ್ಣಕ್ಕೆ ಕೊಳೆತದ್ದು.
ಒಸ್ಮೊ ಗುಂಡಿಯಿಂದೆದ್ದು ಬಂದ, ಗದ್ದಕ್ಕೆ ಗ್ರೀಸು.
ಅಂಗೈಯಲ್ಲಿಟ್ಟು ನೋಡಿದ. ‘ಅಪ್ಪ’ ಅಂದ.

ಸಡಿಲಾದದ್ದಕ್ಕೆಲ್ಲ ಬೆಂಕಿಕಡ್ಡಿಯೇ ಮದ್ದು ಮಾವನಿಗೆ,
ಕುರ್ಚಿಯ ಕಾಲಿಗೆ, ಕದಕ್ಕೆ, ಕನ್ನಡಕದ ಕೀಲಿಗೆ.
‘ಈ ಬೇಸಿಗೆಗೆ ಸಾಕು’ ಅನ್ನುತ್ತಿದ್ದ.
ಸಾಕಾಗಿತ್ತು ಕೂಡ, ಅವನ ಬೇಸಿಗೆಗಳಿಗೆ.

ತೂತು ಅಗಲ ಮಾಡಿದೆವು. ಒಳಮರ ನೆನೆದ ಬ್ರೆಡ್ಡಿನಂತೆ ಬಂತು.
ಪಿಹ್ಲಾಳ ಕೂದಲೊಣಗಿಸುವ ಯಂತ್ರ ಎರಡು ದಿನ ಕಿರುಚಿತು.
ಎಪಾಕ್ಸಿ ಎರಡು ಪಾಲಿಗೆ ಒಂದು ಪಾಲು,
ಕಲಕಿದ ಕಾಲು ಗಂಟೆಗೆ ಕಲ್ಲು.
ಆ ಕಾಲು ಗಂಟೆ ಯಾರೂ ಯಾರನ್ನೂ ಬೈಯಲಿಲ್ಲ.
ಹಳೇ ಕಡ್ಡಿಗಳನ್ನು ಒಸ್ಮೊ ಜೇಬಿಗೆ ಹಾಕಿಕೊಂಡದ್ದನ್ನು
ಕಂಡೂ ಕಾಣದಂತಿದ್ದೆ.

ಮೇ ಕೊನೆ. ದೋಣಿ ನೀರಿನಲ್ಲಿ, ಮೊದಲ ರಾತ್ರಿ, ಮಳೆ.
ನಲವತ್ತು ಎಣಿಸಿದೆ. ತೊಂಬತ್ತು. ನೂರೆಪ್ಪತ್ತು.
‘ಎಣಿಸ್ತಿದ್ದೀಯಾ?’
‘ಇಲ್ಲ.’
‘ತಮ್ಮ ಆ ದುಡ್ಡು ವಾಪಸು ಕೊಟ್ಟ. ಮೂರು ವರ್ಷ ಆಯ್ತು.’
ಮಳೆ ತನ್ನ ಪಾಡಿಗೆ ಮಾಡಿನ ಮೇಲೆ ಮಾತಾಡುತ್ತಿತ್ತು.
ಏನು ಹೇಳಬೇಕೆಂದು ನಾನಿನ್ನೂ ಹುಡುಕುತ್ತಿದ್ದೆ,

ಮುಂದಿನ ಮಂಚದಿಂದ ಪಿಹ್ಲಾ:
‘ಅಮ್ಮಾ, ನನ್ನ ಕಾಲುಚೀಲ ಒದ್ದೆ.’

ಒಸ್ಮೊ ಬಾಯಿ ತೆರೆದ. ‘ಕಿಟ–’
ಮುಚ್ಚಿಕೊಂಡ.
ಕತ್ತಲಲ್ಲಿ ಇಬ್ಬರೂ ಟಾರ್ಚಿಗಾಗಿ ತಡಕಾಡಿದೆವು,
ಕೈಗೆ ಮೊದಲು ಪೌಡರು ಡಬ್ಬಿ ಸಿಕ್ಕಿತು.